ವಿದ್ಯುತ್ ಕೆಲಸ ಹಿಡಿದ ನಮ್ಮ ಮಕ್ಕಳು

ಎರಡು ಮೂರು ಎಕರೆ ತೋಟದಲ್ಲಿ ಅಣ್ಣ ತಮ್ಮಂದಿರಿಬ್ಬರೂ ನಿಂತು ಬದುಕುವುದು ಕಷ್ಟವೆಂಬುದು ಬೆಳೆಗಾರ ಬಂಧುಗಳಿಗೆ ನಾವು ಹೇಳಬೇಕಾದ ಸಂಗತಿಯಲ್ಲ. ಐ.ಟಿ.ಐ., ಡಿಪ್ಲೊಮಾ, ಎಂಜಿನಿಯರಿಂಗ್ ಓದಿದ ನಮ್ಮ ಮಕ್ಕಳಲ್ಲಿ ಕೆಲವರು ವಿದ್ಯುತ್ ಕ್ಷೇತ್ರದತ್ತ ಹೊರಟಿದ್ದಾರೆ. "ಖಾಯಂ ಕೆಲಸವೇ?" ಎಂದು ಮನೆಯ ಹಿರಿಯರು ಕೇಳುವುದು ಸರಿಯೇ. ಅದರ ಜೊತೆಗೆ, ಐದು ವರ್ಷದಲ್ಲಿ ಅಲ್ಲಿ ಕಲಿಯುವುದೇನು, ಕಲಿತದ್ದಕ್ಕೆ ಕಾಗದವೇನು ಎಂದೂ ಕೇಳತಕ್ಕದ್ದು.

ಮಲೆನಾಡಿಗೆ ಈ ಉದ್ಯಮ ಹೊಸದಲ್ಲ. 1948ರಲ್ಲಿ ಜೋಗದ ಕೇಂದ್ರ, ಅರವತ್ತರ ದಶಕದಲ್ಲಿ ಲಿಂಗನಮಕ್ಕಿ ಮತ್ತು ಶರಾವತಿ, 1989ರಲ್ಲಿ ನೆಲದೊಳಗಿನ ವಾರಾಹಿ ಬಂದವು. ಆಗ ಕೆಲಸವೆಂದರೆ ವಿದ್ಯುತ್ ಮಂಡಳಿ ಇಲ್ಲವೇ ವಿದ್ಯುತ್ ನಿಗಮ. 1999ರಲ್ಲಿ ಮಂಡಳಿಯ ಜಾಗದಲ್ಲಿ ಪ್ರಸರಣ ನಿಗಮ ಬಂತು. 2002ರಲ್ಲಿ ವಿತರಣೆಗೆ ಬೇರೆ ಕಂಪೆನಿಗಳಾದವು. ಈಗ ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಜಮೀನಿನಲ್ಲಿ 2,050 ಮೆಗಾವಾಟ್ ಸೌರ ವಿದ್ಯುತ್ ಸ್ಥಾವರವಿದೆ. ಸೌರ ಫಲಕ ಜೋಡಿಸುವಾಗ ನೂರಾರು ಕೈ ಬೇಕು. ಘಟಕ ನಡೆಯತೊಡಗಿದ ಮೇಲೆ ಕೆಲವೇ ಮಂದಿ ಸಾಕು. ಇನ್ವರ್ಟರ್, ರಿಲೇಗಳ ಕೆಲಸ ಬಲ್ಲವನು ಉಳಿಯುತ್ತಾನೆ, ಬೋಲ್ಟು ಬಿಗಿಯುವುದಷ್ಟೇ ಕಲಿತವನು ಊರಿಗೆ ಮರಳುತ್ತಾನೆ.

ಎಸ್.ಎಸ್.ಎಲ್.ಸಿ. ಆದವರಿಗೆ ಕಿರಿಯ ಪವರ್‌ಮ್ಯಾನ್ ಹುದ್ದೆಯಿದೆ. ಆಯ್ಕೆಗೆ ಎಂಟು ಮೀಟರ್ ಕಂಬ ಹತ್ತಬೇಕು. (ಅಡಿಕೆ ಮರ ಹತ್ತಿ ಬೆಳೆದವರಿಗೆ ಇದೇನು ದೊಡ್ಡದಲ್ಲ, ಈಗ ಮರ ಹತ್ತುವ ಹುಡುಗರೆಷ್ಟು ಎಂಬುದು ಬೇರೆ ಮಾತು.) ಆದರೆ ಹತ್ತುವುದಕ್ಕಿಂತ ಮುಖ್ಯವಾದದ್ದು ಹತ್ತದಿರುವುದನ್ನು ಕಲಿಯುವುದು. ಲೈನ್ ಕ್ಲಿಯರ್ ಪಡೆಯದೆ, ತಂತಿಗೆ ಅರ್ಥಿಂಗ್ ಕೊಡದೆ ಯಾರು ಒತ್ತಾಯಿಸಿದರೂ ಕಂಬ ಹತ್ತಕೂಡದು. ಇಲ್ಲಿ ನಮ್ಮ ಪಾಲೂ ಇದೆ. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಯ ಜನರೇಟರ್ ನಡೆಸಿದರೆ ವಿದ್ಯುತ್ತು ಹಿಂದಕ್ಕೆ ಹರಿದು, ಟ್ರಾನ್ಸ್‌ಫಾರ್ಮರಿನ ಮೂಲಕ ಮೇಲಿನ ತಂತಿಗೂ ಏರಬಲ್ಲದು. ಆ ಹೊತ್ತಿನಲ್ಲಿ ಕಂಬದ ಮೇಲಿರುವ ಹುಡುಗ ಪಕ್ಕದ ಮನೆಯವನೇ ಆಗಿರಬಹುದು.

ಹೆಚ್ಚಿನ ನಷ್ಟವನ್ನು ನಾವು ಕಂಡಿರುವುದು ಗುತ್ತಿಗೆದಾರರ ಕೈಕೆಳಗೆ. ಮೂರು ನಾಲ್ಕು ವರ್ಷ ದುಡಿದ ಹುಡುಗನಲ್ಲಿ ನೇಮಕ ಪತ್ರವಿಲ್ಲ, ಭವಿಷ್ಯನಿಧಿ ಖಾತೆಯಿಲ್ಲ, ಅನುಭವ ಪತ್ರವೂ ಇಲ್ಲ. ಮುಂದಿನ ಕಡೆ ಅವನು ಹೊಸಬನೇ. ಇದಕ್ಕಿಂತ 1961ರ ಶಿಶಿಕ್ಷು ಕಾಯಿದೆಯಂತೆ ಅಪ್ರೆಂಟಿಸ್ ಆಗಿ ಸೇರುವುದು ಲೇಸು. ಭತ್ಯೆ ಅಲ್ಪ, ನೌಕರಿಯ ಭರವಸೆಯಂತೂ ಇಲ್ಲ. ಆದರೆ ತರಬೇತಿಯ ಪ್ರಮಾಣಪತ್ರ ಕೈಯಲ್ಲಿರುತ್ತದೆ.

ಅನುಭವ ಪತ್ರದ ಬೆಲೆ ಗೊತ್ತಾಗುವುದು ಮುಂದೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೋದ ಪರೀಕ್ಷೆಯಲ್ಲಿ ಮೂರು ಪತ್ರಿಕೆಗಳನ್ನು ಪಾಸು ಮಾಡಿದವರು ಇಂಧನ ವ್ಯವಸ್ಥಾಪಕರು, ನಾಲ್ಕನೆಯದನ್ನೂ ಪಾಸು ಮಾಡಿದವರು ಇಂಧನ ಲೆಕ್ಕಪರಿಶೋಧಕರು. ದೊಡ್ಡ ಕಾರ್ಖಾನೆಗಳಿಗೆ ಇಂಥವರು ಬೇಕು. ಆದರೆ ಪರೀಕ್ಷೆಗೆ ಕೂರಲು ಪದವಿಯ ಜೊತೆ ಕೆಲಸದ ಅನುಭವವನ್ನೂ ತೋರಿಸಬೇಕು. ಡಿಪ್ಲೊಮಾದವರಿಗೆ ಇನ್ನೂ ಹೆಚ್ಚು ವರ್ಷಗಳದ್ದು. ಪದವಿಯ ಕೊನೆಯ ವರ್ಷದಲ್ಲಿರುವವರು ಗೇಟ್ ಪರೀಕ್ಷೆ ಬರೆಯಲಿ, ಎನ್.ಟಿ.ಪಿ.ಸಿ., ಪವರ್‌ಗ್ರಿಡ್ ಮುಂತಾದವು ತರಬೇತಿ ಎಂಜಿನಿಯರರನ್ನು ಆರಿಸಲು ಅದರ ಅಂಕ ನೋಡುತ್ತವೆ. ಕೆಲಸದಲ್ಲಿರುವವರಿಗೆ ಬೆಂಗಳೂರಿನಲ್ಲಿಯೇ ರಾಷ್ಟ್ರೀಯ ವಿದ್ಯುತ್ ತರಬೇತಿ ಸಂಸ್ಥೆಯ ಕೇಂದ್ರಗಳಿವೆ. ಹರಿಯುವ ವಿದ್ಯುತ್ತನ್ನು ನಿಲ್ಲಿಸದೆ ಲೈನ್ ದುರಸ್ತಿ ಮಾಡುವುದನ್ನೂ ಅಲ್ಲಿ ಕಲಿಸುತ್ತಾರೆ.

ರಜೆಗೆ ಮಗ ಅಥವಾ ಮಗಳು ಊರಿಗೆ ಬಂದಾಗ ನೇಮಕ ಪತ್ರ, ಸಂಬಳದ ಚೀಟಿ, ತರಬೇತಿಯ ಪತ್ರಗಳನ್ನು ಕೇಳಿ ನೋಡಿರಿ. ಖಾತಾ, ಪಹಣಿ ಇಡುವ ಪೆಟ್ಟಿಗೆಯಲ್ಲೇ ಅವುಗಳ ಒಂದೊಂದು ನಕಲನ್ನೂ ಇಟ್ಟುಕೊಳ್ಳಿರಿ.