ನಾವಿಕನ ಕಾಯಿಲೆಗೆ ಪರಿಹಾರ: ದಿನಗಳ ಲೆಕ್ಕವೇ ನಿರ್ಣಾಯಕ

ಹಡಗಿನಲ್ಲಿ ಪಂಪ್‌ಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಫಿಲಿಪ್ಪೀನ್ಸ್‌ನ ನಾವಿಕನೊಬ್ಬನಿಗೆ 2000ದ ಆಗಸ್ಟ್‌ನಲ್ಲಿ ಬಲಗಣ್ಣು ಮಸುಕಾಗತೊಡಗಿತು. ಮರುತಿಂಗಳು ಆತನನ್ನು ಸ್ವದೇಶಕ್ಕೆ ಕಳುಹಿಸಲಾಯಿತು. ಕಂಪನಿ ಗೊತ್ತುಮಾಡಿದ ವೈದ್ಯರು ಶಸ್ತ್ರಚಿಕಿತ್ಸೆ ನಡೆಸಿ, 2001ರ ಜನವರಿ ಕೊನೆಯಲ್ಲಿ ‘ಕೆಲಸಕ್ಕೆ ಅರ್ಹ’ ಎಂದು ಪ್ರಮಾಣಪತ್ರ ನೀಡಿದರು. ಆತನೂ ಅದನ್ನೊಪ್ಪಿ ಸಹಿ ಹಾಕಿದ. ಅನಂತರ ಆತ ತಾನಾಗಿ ಕಂಡ ವೈದ್ಯರು, ಕಣ್ಣಿನ ದೋಷ ಉಳಿದಿದೆ ಎಂದರು. ಎಂಟು ವರ್ಷಗಳ ಬಳಿಕ, 2008ರ ಅಕ್ಟೋಬರ್‌ನಲ್ಲಿ ಆ ದೇಶದ ಸುಪ್ರೀಂ ಕೋರ್ಟ್ ತೀರ್ಪಿತ್ತಾಗ ಆತನಿಗೆ ವೈಕಲ್ಯ ಪರಿಹಾರ ದಕ್ಕಲಿಲ್ಲ.

ಆತ ಸೋತದ್ದು ಕಾಯಿಲೆ ಸುಳ್ಳೆಂಬ ಕಾರಣಕ್ಕಲ್ಲ. 120 ದಿನ ದುಡಿಯಲಾಗದಿದ್ದರೆ ಅದು ಶಾಶ್ವತ ಪೂರ್ಣ ವೈಕಲ್ಯವೆಂದು ಇದೇ ನ್ಯಾಯಾಲಯ 2005ರಲ್ಲಿ ಹೇಳಿತ್ತು. 2008ರ ತೀರ್ಪು, ಚಿಕಿತ್ಸೆ ಮುಂದುವರಿಸುವ ಅಗತ್ಯವಿದ್ದಲ್ಲಿ ಆ ಗಡುವು 240 ದಿನಗಳವರೆಗೆ ವಿಸ್ತರಿಸುತ್ತದೆ ಎಂದಿತು. ಈ ನಾವಿಕನ ಚಿಕಿತ್ಸೆ ಸುಮಾರು ಐದು ತಿಂಗಳಲ್ಲಿ ಮುಗಿದಿತ್ತು. ಇಬ್ಬರು ವೈದ್ಯರ ಅಭಿಪ್ರಾಯ ಭಿನ್ನವಾದಾಗ ಉಭಯ ಪಕ್ಷಗಳೂ ಒಪ್ಪಿ ಮೂರನೆಯ ವೈದ್ಯರನ್ನು ಕಾಣಬೇಕೆಂದು ಗುತ್ತಿಗೆ ಹೇಳುತ್ತದೆ. ಅವರ ಮಾತೇ ಅಂತಿಮ. ಆ ದಾರಿಯನ್ನೂ ಆತ ಹಿಡಿದಿರಲಿಲ್ಲ.

ಫಿಲಿಪ್ಪೀನ್ಸ್‌ನಿಂದ ವಿದೇಶಿ ಹಡಗು ಏರುವವರೆಲ್ಲರಿಗೂ ಸರ್ಕಾರವೇ ರೂಪಿಸಿದ ಒಂದೇ ಮಾದರಿಯ ಗುತ್ತಿಗೆಯಿದೆ. ಕಾಯಿಲೆಯಿಂದ ಮರಳಿದವನು ಮೂರು ಕೆಲಸದ ದಿನಗಳೊಳಗೆ ಕಂಪನಿಯ ವೈದ್ಯರ ಮುಂದೆ ಹಾಜರಾಗಬೇಕು. ಏಳಲಾಗದ ಸ್ಥಿತಿಯಿದ್ದರೆ ಲಿಖಿತ ಸೂಚನೆಯಾದರೂ ತಲುಪಬೇಕು. ತಪ್ಪಿದರೆ ಹಕ್ಕು ಹೋಗುತ್ತದೆ. ಜ್ವರದಲ್ಲಿ ಊರು ಸೇರಿದವನು ಮೊದಲು ಮನೆಯವರ ಮುಖ ನೋಡಬಯಸುವುದು ಸಹಜ; ಗುತ್ತಿಗೆಗೆ ಆ ಸಹಜತೆ ಗೊತ್ತಿಲ್ಲ. ಹಳೆಯ ಕಾಯಿಲೆಯನ್ನು ಮುಚ್ಚಿಟ್ಟು ಹಡಗು ಏರಿದವನಿಗೂ ಪರಿಹಾರವಿಲ್ಲ.

ಕಟ್ಟುಪಾಡು ಕಂಪನಿಗೂ ಉಂಟು. ಗಡುವಿನೊಳಗೆ ಅದರ ವೈದ್ಯರು ಅಂತಿಮ ವರದಿ ನೀಡದಿದ್ದರೆ, ವೈಕಲ್ಯವು ಕಾನೂನಿನ ಪ್ರಕಾರ ತಾನಾಗಿಯೇ ಶಾಶ್ವತ ಹಾಗೂ ಪೂರ್ಣವೆನಿಸುತ್ತದೆ. 120 ದಿನ ಮೀರಿ ಸಮಯ ಬೇಕಿದ್ದರೆ ಸಕಾರಣ ತೋರಿಸಬೇಕೆಂದು 2015ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಪಟ್ಟಿಯಲ್ಲಿಲ್ಲದ ಕಾಯಿಲೆಯನ್ನೂ ಕೆಲಸದಿಂದಲೇ ಬಂದದ್ದೆಂದು ಭಾವಿಸಬೇಕು. ಆದರೆ ಕಂಪನಿ ಅದನ್ನು ಅಲ್ಲಗಳೆಯಬಹುದು. ಹೃದ್ರೋಗ, ಅಧಿಕ ರಕ್ತದೊತ್ತಡದ ಪ್ರಕರಣಗಳಲ್ಲಿ ವಾದವೆಲ್ಲ ಇಲ್ಲಿಯೇ ನಡೆಯುತ್ತದೆ.

ದಿನಗಳ ಈ ಎಣಿಕೆಯ ಹಿಂದೆ ದೊಡ್ಡ ಮೊತ್ತವಿದೆ. ಗುತ್ತಿಗೆಯಲ್ಲಿ ವೈಕಲ್ಯಕ್ಕೆ 14 ದರ್ಜೆಗಳಿವೆ. ಮೊದಲ ದರ್ಜೆಗೆ 60,000 ಡಾಲರ್, ಕೊನೆಯದಕ್ಕೆ 1,870 ಡಾಲರ್. ಒಬ್ಬ ವೈದ್ಯರ ಒಂದು ಸಾಲಿನ ಮೇಲೆ ಕುಟುಂಬವೊಂದರ ಮುಂದಿನ ಬದುಕು ನಿಂತಿರುತ್ತದೆ. ಇದೇ ಹಣಕ್ಕಾಗಿ ಆಸ್ಪತ್ರೆ, ಬಂದರುಗಳಲ್ಲಿ ಕಾಯುವ ವಕೀಲರ ಹಾವಳಿ ತಡೆಯಲು 2015ರಲ್ಲಿ ಕಾಯ್ದೆ ಬಂತು; ವಕೀಲರ ಶುಲ್ಕಕ್ಕೆ ಪರಿಹಾರದ ಶೇ 10ರ ಮಿತಿ ಹೇರಲಾಯಿತು.

ನಮ್ಮ ಕರಾವಳಿಯ ಯುವಕರೂ ವಿದೇಶಿ ಹಡಗುಗಳಲ್ಲಿದ್ದಾರೆ. ಅವರ ಗುತ್ತಿಗೆ ಬೇರೆ. ಮೇಲಿನ ಗಡುವುಗಳು ಅವರಿಗೆ ಅನ್ವಯಿಸವು. ಆದರೆ 2013ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಸಾಗರ ಕಾರ್ಮಿಕರ ಅಂತಾರಾಷ್ಟ್ರೀಯ ಒಪ್ಪಂದವನ್ನು ಭಾರತವೂ 2015ರಲ್ಲಿ ಅಂಗೀಕರಿಸಿದೆ. ಅದರಂತೆ ಕಾಯಿಲೆ ಬಿದ್ದ ನಾವಿಕನ ಚಿಕಿತ್ಸೆಯ ವೆಚ್ಚವನ್ನು ಹಡಗಿನ ಮಾಲೀಕನೇ ಹೊರಬೇಕು. ರಾಷ್ಟ್ರೀಯ ಕಾನೂನು ಈ ಹೊಣೆಗೆ ಮಿತಿ ಹಾಕಬಹುದಾದರೂ ಅದು 16 ವಾರಗಳಿಗಿಂತ ಕಡಿಮೆಯಿರುವಂತಿಲ್ಲ.

ಫಿಲಿಪ್ಪೀನ್ಸ್‌ನಲ್ಲಿ ವಿವಾದ ಈಗ ಬೇರೆಡೆಗೆ ಹೊರಳಿದೆ. ಕಾರ್ಮಿಕ ನ್ಯಾಯಮಂಡಳಿಯಲ್ಲಿ ಗೆದ್ದು ಹಣ ಪಡೆದವರು, ಮೇಲ್ಮನವಿಯಲ್ಲಿ ಸೋತರೆ ಅದನ್ನು ಹಿಂದಿರುಗಿಸಬೇಕು. ಅಷ್ಟರಲ್ಲಿ ಹಣ ಖರ್ಚಾಗಿರುತ್ತದೆ ಎಂಬುದು ಕಂಪನಿಗಳ ದೂರು. 2024ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರು ಸಹಿ ಹಾಕಿದ ನಾವಿಕರ ಹಕ್ಕುಗಳ ಕಾಯ್ದೆಯು, ಮೇಲ್ಮನವಿ ಬಾಕಿಯಿರುವಾಗ ವಿವಾದಿತ ಹಣ ಪಡೆಯಬೇಕಾದರೆ ನಾವಿಕನು ಭದ್ರತಾ ಬಾಂಡ್ ಒದಗಿಸಬೇಕೆಂದು ವಿಧಿಸಿದೆ. ಕೆಲಸ ಕಳೆದುಕೊಂಡು ಹಾಸಿಗೆ ಹಿಡಿದವನು ಆ ಬಾಂಡ್ ಎಲ್ಲಿಂದ ತರಬೇಕು ಎಂದು ನಾವಿಕರ ಸಂಘಟನೆಗಳು ಪ್ರಶ್ನಿಸಿವೆ.