ಕೋಲಾರದ ಚಿನ್ನದ ಸೀಮೆಯಲ್ಲಿ

‘ಕೋಲಾರವು ಚಿನ್ನಕ್ಕೆ ಪ್ರಸಿದ್ಧವಾಗಿದೆ’ ಎಂದು ಭೂಗೋಳದ ಪಾಠದಲ್ಲಿ ಬಾಯಿಪಾಠ ಮಾಡಿದ ಕೊನೆಯ ತಲೆಮಾರಿಗೆ ನಾವು ಸೇರಿದವರು. ನಾವು ಪ್ರಾಥಮಿಕ ಶಾಲೆಯಲ್ಲಿದ್ದಾಗಲೇ, 2001ನೆಯ ಇಸವಿ ಫೆಬ್ರವರಿ 28ರಂದು, ಆ ಗಣಿಗಳು ಮುಚ್ಚಿಹೋದುವು. ಪಾಠವನ್ನು ಒಪ್ಪಿಸಿದ ನಾಲಿಗೆಗೆ ಊರನ್ನು ಕಂಡ ಕಣ್ಣಿನ ಬೆಂಬಲವಿರಲೆಂದು ಕಳೆದ ದೀಪಾವಳಿಯ ರಜೆಯಲ್ಲಿ ಪುಣೆಯಿಂದ ಪ್ರಯಾಣ ಹೊರಟೆವು. ಮಳೆಗಾಲ ಹಿಂದೆ ಸರಿದು ಬಿಸಿಲು ಇನ್ನೂ ಬಲಿಯದ ಶರತ್ಕಾಲವು ಇಂಥ ತಿರುಗಾಟಕ್ಕೆ ಹೇಳಿಮಾಡಿಸಿದಂತಿರುತ್ತದೆ.

ಪುಣೆಯಿಂದ ಬೆಂಗಳೂರಿಗೆ ಹೋಗುವ ರೈಲುಗಳಲ್ಲಿ ಕೆಲವು ಸೊಲ್ಲಾಪುರ, ಕಲಬುರಗಿ, ರಾಯಚೂರುಗಳ ಮೇಲೆ ಸಾಗುತ್ತವೆ. ಚಿನ್ನದ ಕಥೆ ರಾಯಚೂರು ಜಿಲ್ಲೆಯಲ್ಲಿಯೇ ಆರಂಭವಾಗುತ್ತದೆ. ಅಲ್ಲಿಯ ಹಟ್ಟಿಯಲ್ಲಿ ಪ್ರಾಚೀನರು ಚಿನ್ನಕ್ಕಾಗಿ ತೋಡಿದ ಗುಂಡಿಗಳು ದೊರೆತಿವೆ; ಗಣಿ ಇಂದಿಗೂ ನಡೆಯುತ್ತಿದೆ. ಸಮೀಪದ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಶಾಸನವನ್ನು ಬೆಳಕಿಗೆ ತಂದ ಬೀಡನ್ ಎಂಬಾತನೂ ಚಿನ್ನದ ಗಣಿಯ ಇಂಜಿನಿಯರನೇ. ‘ದೇವಾನಾಂಪ್ರಿಯ’ನೆಂಬ ಅರಸನು ಅಶೋಕನೇ ಎಂಬುದು ಆ ಶಾಸನದಿಂದ ಸ್ಥಿರಪಟ್ಟಿತು. ಚಿನ್ನವನ್ನು ಹುಡುಕಿ ಬಂದವನಿಗೆ ಚರಿತ್ರೆ ದೊರಕಿತು!

ಕೋಲಾರದ ಗಣಿಗಳಿಗೆ ರೈಲಿನಲ್ಲಿ ಹೋಗುವವರು ಬಂಗಾರಪೇಟೆಯ ಮೂಲಕ ಸಾಗಬೇಕು. 1894ರಲ್ಲಿ ಗಣಿಗಾಗಿಯೇ ಹಾಕಿದ ಕವಲುಹಳಿಯು ಊರಿಗಾಂ, ಚಾಂಪಿಯನ್ ರೀಫ್‌ಗಳನ್ನು ದಾಟಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. ಅಲ್ಲಿಂದ ಮುಂದೆ ನಾವು ಬಾಡಿಗೆಯ ಜೀಪೊಂದನ್ನು ಹಿಡಿದು ಮಣ್ಣುಹಾದಿಗಳಲ್ಲಿ ಸುತ್ತಿದೆವು. ಬೂದಿಬಣ್ಣದ ಬೋಳು ದಿಬ್ಬಗಳು, ಗಣಿಬಾಯಿಗಳ ಮೇಲೆ ತುಕ್ಕು ಹಿಡಿದು ನಿಂತ ಉಕ್ಕಿನ ಗೋಪುರಗಳು, ಮಾಡು ಕುಸಿದ ಬಂಗಲೆಗಳು, ಅವುಗಳ ನಡುವೆ ಮಳೆಗೆ ಚಿಗುರಿದ ಹಸಿರು ಹುಲ್ಲು. ಇದು ಅಲ್ಲಿಯ ನೋಟ.

1802ರಲ್ಲಿ ಜಾನ್ ವಾರನ್ ಎಂಬ ಸೈನ್ಯಾಧಿಕಾರಿಯು ಇಲ್ಲಿಯ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣಗಳನ್ನು ತೆಗೆಯುವುದನ್ನು ಕಂಡು ಬರೆದಿಟ್ಟನು. 1880ರಲ್ಲಿ ಜಾನ್ ಟೇಲರ್ ಕಂಪನಿಯು ಕಾಲಿಟ್ಟ ತರುವಾಯ ಗಣಿಗಾರಿಕೆ ದೊಡ್ಡ ಪ್ರಮಾಣದಲ್ಲಿ ಬೆಳೆಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಸುಮಾರು 92 ಮೈಲು ದೂರ ತಂತಿಯಲ್ಲಿ ಹರಿದು ಈ ಗಣಿಗಳಿಗೆ ಬಂದಿತು. ಬೆಂಗಳೂರು ನಗರಕ್ಕೆ ದೀಪ ಬಂದದ್ದು 1905ರಲ್ಲಿ, ಎಂದರೆ ಮೂರು ವರ್ಷ ತಡವಾಗಿ.

ಗಣಿಯ ಆಳವನ್ನು ಊಹಿಸಿಕೊಳ್ಳಲು ನಮ್ಮ ವಿದ್ಯಾರ್ಥಿಗಳು ಮಹಾರಾಷ್ಟ್ರದ ಅತ್ಯುನ್ನತ ಶಿಖರವಾದ ಕಳಸೂಬಾಯಿಯನ್ನು ನೆನೆಯಬಹುದು. ಅದರ ಎತ್ತರ 1,646 ಮೀಟರು. ಚಾಂಪಿಯನ್ ರೀಫ್ ಗಣಿಯು ಅದರ ಇಮ್ಮಡಿಗೆ ಸಮೀಪವಾಗಿ, ಸುಮಾರು 3,200 ಮೀಟರು ಕೆಳಕ್ಕೆ ಇಳಿದಿತ್ತು. ಭೂಮಿಯ ಒಡಲಿಗಿಳಿದಂತೆಲ್ಲ ಶಾಖ ಏರುತ್ತದೆ. ಅಲ್ಲಿಯ ಬಂಡೆ 60 ಡಿಗ್ರಿ ಸೆಂಟಿಗ್ರೇಡಿಗೂ ಮೀರಿ ಬಿಸಿಯಾಗಿರುತ್ತಿತ್ತು. ಯಂತ್ರಗಳಿಂದ ತಂಪುಗೊಳಿಸಿದ ಗಾಳಿಯನ್ನು ಕೆಳಕ್ಕೆ ಕಳುಹಿಸದೆ ಕೆಲಸ ಸಾಗುತ್ತಿರಲಿಲ್ಲ. ಮೇಲಿನ ಭಾರಕ್ಕೆ ಬಂಡೆಗಳು ಸಿಡಿದು ಕಾರ್ಮಿಕರು ಮಡಿದ ದುರಂತಗಳೂ ಕಡಮೆಯಲ್ಲ. ಇದೇ ಆಳದ ಕತ್ತಲೆಯಲ್ಲಿ 1965ರಲ್ಲಿ ಭಾರತ, ಜಪಾನು, ಇಂಗ್ಲೆಂಡುಗಳ ವಿಜ್ಞಾನಿಗಳು ಕೂಡಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣದ ಗುರುತನ್ನು ಹಿಡಿದರು.

ಒಟ್ಟು ಸುಮಾರು 800 ಟನ್ನು ಚಿನ್ನ ಕೊಟ್ಟ ಗಣಿಯನ್ನು ಮುಚ್ಚಿದ್ದೇಕೆ? ಆಳ ಹೆಚ್ಚಿದಂತೆ ವೆಚ್ಚ ಏರಿತು. ಆದರೆ ಒಂದು ಟನ್ನು ಕಲ್ಲಿನಲ್ಲಿ ಮೊದಲು ಹತ್ತಾರು ಗ್ರಾಮಿನಷ್ಟಿದ್ದ ಚಿನ್ನ ಕೊನೆಕೊನೆಗೆ ಕೆಲವೇ ಗ್ರಾಮಿಗೆ ಇಳಿಯಿತು. ಆದಾಯಕ್ಕಿಂತ ಖರ್ಚೇ ಹೆಚ್ಚಾಯಿತು.

ಆ ಬೂದಿದಿಬ್ಬಗಳ ವಿಚಾರವನ್ನೂ ಹೇಳಬೇಕು. ಕಲ್ಲನ್ನು ನುಣ್ಣಗೆ ಅರೆದು, ಸಯನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯನ್ನು ಹೊರಗೆ ಸುರಿದರು. ಹಾಗೆ ಬೆಳೆದ ರಾಶಿ ಮೂರು ಕೋಟಿ ಟನ್ನಿಗೂ ಮಿಕ್ಕಿದೆ. ಬೇಸಗೆಯ ಗಾಳಿಗೆ ಆ ಧೂಳು ಮನೆಮನೆಗೂ ನುಗ್ಗುತ್ತದೆ. ನೋಡಹೋಗುವವರು ದಿಬ್ಬಗಳನ್ನು ಹತ್ತಬಾರದು. ಪಾಳು ಗಣಿಬಾಯಿಗಳ ಬಳಿ ಸುಳಿಯಬಾರದು. ಬೇಲಿ ಹಾಕಿದ ಕಡೆ ಅಪ್ಪಣೆಯಿಲ್ಲದೆ ಹೋಗಬಾರದು.

ಪಾಳೂರನ್ನು ನೋಡುತ್ತೇವೆಂದು ಹೋದ ನಮ್ಮ ಎಣಿಕೆ ಮಾತ್ರ ತಪ್ಪಾಯಿತು. ಪಾಳುಬಿದ್ದದ್ದು ಗಣಿ, ಊರಲ್ಲ. ಕಾರ್ಮಿಕರ ಸಾಲುಮನೆಗಳಲ್ಲಿ ಒಲೆ ಉರಿಯುತ್ತಿತ್ತು, ಮಕ್ಕಳು ಪಟಾಕಿ ಹಚ್ಚುತ್ತಿದ್ದರು. ಸಾವಿರಾರು ಜನ ನಸುಕಿನಲ್ಲಿಯೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಹೋಗಿ ರಾತ್ರಿ ಹಿಂದಿರುಗುತ್ತಾರೆ. ನಮಗೆ ದಾರಿ ತೋರಿದ ವೃದ್ಧರೊಬ್ಬರು ಗಣಿಯಲ್ಲಿ ದುಡಿದವರು. ಅವರ ತಾತ ಆರ್ಕಾಟಿನ ಕಡೆಯಿಂದ ಕೂಲಿಗೆಂದು ಬಂದವರಂತೆ. ಪುಣೆಯಲ್ಲಿ ಕನ್ನಡ ಶಾಲೆಯ ಮೇಷ್ಟರೆಂದು ನಾವು ಹೇಳಿದಾಗ ಅವರು ಅಚ್ಚರಿಯಿಂದ, “ಅಲ್ಲಿಯೂ ಕನ್ನಡ ಶಾಲೆ ಇದೆಯಾ ಸಾರ್? ಯಾರು ಓದುತ್ತಾರೆ?” ಎಂದರು. ಕಲಬುರಗಿ, ವಿಜಯಪುರ, ರಾಯಚೂರುಗಳಿಂದ ದುಡಿಯಲು ಬಂದವರ ಮಕ್ಕಳು ಎಂದೆವು. ಅವರು ನಕ್ಕು, “ಹಾಗಾದರೆ ನೀವೂ ನಮ್ಮ ಹಾಗೇ. ನಮ್ಮ ಮನೆಯಲ್ಲಿ ತಮಿಳು, ಮೊಮ್ಮಗಳು ಶಾಲೆಯಲ್ಲಿ ಕನ್ನಡ ಓದುತ್ತಾಳೆ. ಗಣಿ ಮುಚ್ಚಿದಾಗ ವಾಪಸು ಹೋಗಿ ಅಂದರು. ಎಲ್ಲಿಗೆ ಹೋಗೋದು ಸಾರ್? ನಾನು ಹುಟ್ಟಿದ್ದೇ ಇಲ್ಲಿ” ಎಂದರು.

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಪುಣೆಗೆ ಮರಳಿದ ಮೇಲೆ ತರಗತಿಯಲ್ಲಿ ‘ನಿಮ್ಮ ಊರು ಯಾವುದು?’ ಎಂದು ಕೇಳಿದೆವು. ಅರ್ಧ ಮಂದಿ ತಾತನ ಊರನ್ನು ಹೇಳಿದರು, ಅರ್ಧ ಮಂದಿ ಪುಣೆ ಎಂದರು. ಎರಡನ್ನೂ ಸರಿಯೆಂದೇ ಒಪ್ಪಿಕೊಂಡೆವು.