ಸ್ವಂತ ಬಿಟ್‌ಕಾಯಿನ್ ನೋಡ್: ಏನು ಬೇಕು, ಯಾಕೆ ಬೇಕು?

ಮೊದಲೇ ಒಂದು ಮಾತು ಹೇಳಿಬಿಡ್ತೀನಿ: ಬಿಟ್‌ಕಾಯಿನ್ ನೋಡ್ ನಡೆಸಿದ್ರೆ ದುಡ್ಡು ಬರಲ್ಲ. ದುಡ್ಡು ಇರೋದು ಮೈನಿಂಗ್‌ನಲ್ಲಿ, ಅದರ ಕತೆಯೇ ಬೇರೆ. "ನೋಡ್ ಹಾಕಿಕೊಡ್ತೀವಿ, ತಿಂಗಳಿಗಿಷ್ಟು ಬರುತ್ತೆ" ಅಂತ ಯಾರಾದರೂ ಬಂದ್ರೆ ಬಾಗಿಲಲ್ಲೇ ಕಳಿಸಿಬಿಡಿ.

ಹಾಗಾದ್ರೆ ಯಾಕೆ ಬೇಕು? ಮೊಬೈಲ್ ವಾಲೆಟ್ "ಹಣ ಬಂದಿದೆ" ಅಂತ ತೋರಿಸುವಾಗ ಅದು ಸಾಮಾನ್ಯವಾಗಿ ಇನ್ಯಾರದೋ ಸರ್ವರ್ ಕೇಳಿ ಹೇಳ್ತಿರುತ್ತೆ. ನಿಮ್ಮ ವಿಳಾಸಗಳು ಯಾವುವು, ಎಷ್ಟು ಹಣ ಇದೆ ಅನ್ನೋದು ಆ ಸರ್ವರ್ ನಡೆಸೋರಿಗೂ ತಿಳಿಯಬಹುದು. ಸ್ವಂತ ನೋಡ್ ಇದ್ರೆ ಲೆಕ್ಕದ ಪುಸ್ತಕ ನಿಮ್ಮ ಮನೆಯಲ್ಲೇ ಇರುತ್ತೆ. 2009ರ ಜನವರಿ 3ರ ಮೊದಲ ಬ್ಲಾಕ್‌ನಿಂದ ಹಿಡಿದು ಎಲ್ಲವನ್ನೂ ಅದು ತಾಳೆ ನೋಡುತ್ತೆ. (ಹಳೇ ಬ್ಲಾಕ್‌ಗಳ ಸಹಿಗಳನ್ನ ಮಾತ್ರ ವೇಗಕ್ಕಾಗಿ ಬಿಡುತ್ತೆ, ಸೆಟ್ಟಿಂಗ್ ಬದಲಿಸಿದ್ರೆ ಅದನ್ನೂ ನೋಡುತ್ತೆ.) ಮೈನರ್ ಎಷ್ಟೇ ದೊಡ್ಡವನಿರಲಿ, ನಿಯಮ ಮೀರಿ ಒಂದು ನಾಣ್ಯ ಜಾಸ್ತಿ ಹುಟ್ಟಿಸಿದ್ರೂ ನಿಮ್ಮ ನೋಡ್ ಆ ಬ್ಲಾಕನ್ನ ಒಪ್ಪಲ್ಲ.

ಬಿಟ್‌ಕಾಯಿನ್ ಕೋರ್ ಅನ್ನೋ ತಂತ್ರಾಂಶ ಉಚಿತ. ಅಧಿಕೃತ ತಾಣದಿಂದಲೇ ಇಳಿಸಿಕೊಂಡು, ಅದರ ಡಿಜಿಟಲ್ ಸಹಿ ಸರಿಯಿದೆಯಾ ನೋಡಿ. ಇಡೀ ಸರಪಳಿ ಈಗ 600 ಜಿಬಿ ದಾಟಿದೆ, ಬೆಳೀತಾನೇ ಇದೆ. ಹಾಗಾಗಿ 1 ಟಿಬಿಗಿಂತ 2 ಟಿಬಿ ಎಸ್‌ಎಸ್‌ಡಿ ವಾಸಿ. ಹಳೇ ಹಾರ್ಡ್‌ಡಿಸ್ಕ್‌ನಲ್ಲಿ ಮೊದಲ ಸಿಂಕ್ ವಾರಗಟ್ಟಲೆ ಎಳೆಯಬಹುದು. ಜಾಗ ಇಲ್ಲವಾ? 'ಪ್ರೂನ್' ಆಯ್ಕೆ ಇದೆ: ಹಳೇ ಬ್ಲಾಕ್‌ಗಳನ್ನ ಪರೀಕ್ಷಿಸಿ ಅಳಿಸಿಹಾಕುತ್ತೆ, ಬ್ಲಾಕ್‌ಗಳಿಗೆ 550 ಎಂಬಿ ಇಟ್ಟುಕೊಂಡರೂ ನಡೆಯುತ್ತೆ. ಆದ್ರೆ ಒಮ್ಮೆ ಪೂರ್ತಿ ಇಳಿಸಲೇಬೇಕು, ಡೇಟಾ ಪ್ಲಾನ್ ನೋಡಿಕೊಂಡು ಶುರು ಮಾಡಿ.

ನಮ್ಮ ಕಡೆ ನಿಜವಾದ ಶತ್ರು ಕರೆಂಟು. ಬರೆಯುತ್ತಿರುವಾಗಲೇ ಹೋದ್ರೆ ಡೇಟಾಬೇಸ್ ಕೆಡಬಹುದು. ಆಗ 'ರೀಇಂಡೆಕ್ಸ್' ಅಂತ ಮತ್ತೆ ಮೊದಲಿಂದ. ಪ್ರೂನ್ ಮಾಡಿದವರಿಗಂತೂ ಪೂರ್ತಿ ಡೌನ್‌ಲೋಡೇ ಮತ್ತೆ. ಸಣ್ಣದೊಂದು ಯುಪಿಎಸ್ ಹಾಕಿ.

ಇನ್ನೊಂದು: ಎಷ್ಟೋ ಬ್ರಾಡ್‌ಬ್ಯಾಂಡ್‌ಗಳಲ್ಲಿ ಒಂದೇ ಐಪಿಯನ್ನ ಹಲವು ಮನೆಗಳಿಗೆ ಹಂಚಿರ್ತಾರೆ. ಆಗ ಹೊರಗಿನವರು ನಿಮ್ಮ 8333 ಪೋರ್ಟ್‌ಗೆ ಬರೋಕಾಗಲ್ಲ. ಚಿಂತೆ ಬೇಡ, ನೋಡ್ ತಾನೇ ಹೊರಗೆ ಸುಮಾರು 10 ಸಂಪರ್ಕ ಮಾಡಿಕೊಳ್ಳುತ್ತೆ, ನಿಮ್ಮ ಕೆಲಸಕ್ಕೆ ಅಷ್ಟು ಸಾಕು.

ಎಲ್ಲಾ ಆದಮೇಲೆ ಬಹಳ ಜನ ಮರೆಯೋದು ವಾಲೆಟ್ಟನ್ನ. ಅದನ್ನ ನಿಮ್ಮ ನೋಡ್‌ಗೆ ಜೋಡಿಸದಿದ್ರೆ ಅದು ಹಳೇ ಸರ್ವರನ್ನೇ ಕೇಳ್ತಿರುತ್ತೆ. ಸ್ಪ್ಯಾರೋದಂಥ ವಾಲೆಟ್‌ನ ಸೆಟ್ಟಿಂಗ್ಸ್‌ನಲ್ಲಿ ಬಿಟ್‌ಕಾಯಿನ್ ಕೋರ್ ಆರಿಸಿದ್ರೆ ನೇರ ಸೇರುತ್ತೆ.